ಮನೆಯ ಕಾಫಿಗೆ ಯಾವ ವಿಧಾನ?

ಬಸವನಗುಡಿ, ಜಯನಗರ, ಬನಶಂಕರಿ, ಜೆ. ಪಿ. ನಗರ ಮೊದಲಾದ ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಕಾಫಿಯ ಕಂಪಿಲ್ಲದೆ ಬೆಳಗಾಗುವ ಮನೆಗಳು ವಿರಳ. ಎರಡು ತಲೆಮಾರುಗಳ ಹಿಂದೆ ಈ ಮನೆಗಳಲ್ಲಿ ಕಾಫಿಯ ಸಾಧನವನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ. ಹಿತ್ತಾಳೆಯದೋ ಸ್ಟೀಲಿನದೋ ಒಂದು ಫಿಲ್ಟರು ಇರುತ್ತಿತ್ತು. ಅದೂ ಇಲ್ಲದವರು ಪುಡಿಯನ್ನು ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಇಂದು ಹಾಗಲ್ಲ. ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಗಳನ್ನು ಸುತ್ತಿದರೆ ಫಿಲ್ಟರಿನ ಪಕ್ಕದಲ್ಲಿಯೇ ಗಾಜಿನ ಫ್ರೆಂಚ್ ಪ್ರೆಸ್, ಇಟಲಿಯ ಮಾದರಿಯ ಮೋಕಾ ಪಾತ್ರೆ, ಕಾಗದದ ಶೋಧಕವನ್ನಿಡುವ ಆಲಿಕೆ, ವಿದ್ಯುತ್ತಿನಿಂದ ನಡೆಯುವ ಯಂತ್ರ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಬೆಲೆಯೂ ಕೆಲವು ನೂರು ರೂಪಾಯಿಗಳಿಂದ ಹಿಡಿದು ಲಕ್ಷವನ್ನು ಮೀರುವವರೆಗೆ ಹಬ್ಬಿದೆ. ಓದಿಗಾಗಿ ಊರು ಬಿಟ್ಟು ಬಂದು ಬಿ. ಟಿ. ಎಂ. ಬಡಾವಣೆಯಲ್ಲಿ ಕೊಠಡಿ ಹಿಡಿದ ವಿದ್ಯಾರ್ಥಿ ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಮನೆಯ ಹಳೆಯ ಫಿಲ್ಟರನ್ನು ಅಟ್ಟಕ್ಕೆ ಹಾಕಿ ಹೊಸದನ್ನು ತರುವುದರಲ್ಲಿ ಏನಾದರೂ ಲಾಭವುಂಟೆ? ಇದು ಬರಿಯ ರುಚಿಯ ಪ್ರಶ್ನೆಯೆಂದು ಹಲವರ ಎಣಿಕೆ. ಆದರೆ ಇದರಲ್ಲಿ ನಿರ್ಧರಿಸಬಹುದಾದ ಅಂಶಗಳೂ ಸಾಕಷ್ಟಿವೆ. ಪ್ರೌಢಶಾಲೆಯ ಭೌತವಿಜ್ಞಾನವೇ ಅವುಗಳಿಗೆ ಸಾಕು.

ಮೊದಲು, ಕಾಫಿಯನ್ನು ಇಳಿಸುವುದೆಂದರೆ ಏನೆಂಬುದನ್ನು ನೋಡೋಣ. ಹುರಿದ ಕಾಫಿ ಬೀಜದ ತೂಕದಲ್ಲಿ ನೀರಿನಲ್ಲಿ ಕರಗಬಲ್ಲ ಭಾಗ ಸುಮಾರು ನೂರಕ್ಕೆ 30 ಮಾತ್ರ. ಉಳಿದದ್ದು ನಾರು, ಅದೇ ಚರಟ. ಕರಗಬಲ್ಲ ವಸ್ತುಗಳೆಲ್ಲ ಒಂದೇ ವೇಗದಲ್ಲಿ ಕರಗುವುದಿಲ್ಲ. ಹುಳಿಯ ಅಂಶಗಳೂ ಕೆಫೀನೂ ಬೇಗ ನೀರಿಗಿಳಿಯುತ್ತವೆ. ಕಹಿ ಹಾಗೂ ಒಗರಿನ ಅಂಶಗಳು ನಿಧಾನವಾಗಿ, ಕೊನೆಗೆ ಬರುತ್ತವೆ. ಆದುದರಿಂದ ಕಡಿಮೆ ಇಳಿಸಿದ ಕಾಫಿ ಹುಳಿಯಾಗಿ ಪೊಳ್ಳೆನಿಸುತ್ತದೆ. ಅತಿಯಾಗಿ ಹಿಂಡಿದ ಕಾಫಿ ನಾಲಗೆಯನ್ನು ಕೆರೆಯುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ನಡೆಸಿದ ಅಧ್ಯಯನಗಳಿಂದ, ಪುಡಿಯ ತೂಕದ ನೂರಕ್ಕೆ 18ರಿಂದ 22 ಭಾಗ ಕರಗಿದಾಗ ಪಾನೀಯವು ಹೆಚ್ಚು ಜನರಿಗೆ ಹಿಡಿಸುತ್ತದೆಂದು ತಿಳಿದುಬಂದಿತು. ಎಲ್ಲ ಸಾಧನಗಳ ಗುರಿಯೂ ಇದೇ. ಗುರಿಯನ್ನು ಮುಟ್ಟುವ ದಾರಿಗಳು ಮಾತ್ರ ಬೇರೆ.

ಅತ್ಯಂತ ಹಳೆಯ ದಾರಿ ಕುದಿಸುವುದು. ನಮ್ಮ ಮನೆಗಳಲ್ಲಿ ಫಿಲ್ಟರಿನಿಂದ ಇಳಿಯುವ ದ್ರವವನ್ನು ಡಿಕಾಕ್ಷನ್ ಎನ್ನುವುದುಂಟಷ್ಟೆ. ವೈದ್ಯರ ಪರಿಭಾಷೆಯಲ್ಲಿ ಈ ಪದಕ್ಕೆ ಕುದಿಸಿ ಪಡೆದ ಕಷಾಯವೆಂದೇ ಅರ್ಥ. ಫಿಲ್ಟರಿನಲ್ಲಿ ಪುಡಿ ಕುದಿಯುವುದೇ ಇಲ್ಲವಾದ್ದರಿಂದ, ದಕ್ಷಿಣ ಭಾರತವೆಲ್ಲ ದಿನವೂ ಉಚ್ಚರಿಸುವ ಈ ಪದ ಶಾಸ್ತ್ರದ ಕಣ್ಣಿನಲ್ಲಿ ತಪ್ಪು! ಬಟ್ಟೆಯಲ್ಲಿ ಸೋಸುವ ಹಳೆಯ ಕ್ರಮಕ್ಕೆ ಮಾತ್ರ ಅದು ಸಲ್ಲುತ್ತದೆ. ಕುದಿಸುವುದರಲ್ಲಿ ಎರಡು ದೋಷಗಳಿವೆ. ಕಾಫಿಯ ಪರಿಮಳದ್ರವ್ಯಗಳು ಬೇಗ ಆವಿಯಾಗುವಂಥವು. ಕುದಿಯುವ ನೀರಿನ ಆವಿ ಅವುಗಳನ್ನು ತನ್ನೊಡನೆ ಒಯ್ಯುತ್ತದೆ. ಬೀದಿಯ ತುದಿಗೂ ಕಾಫಿಯ ವಾಸನೆ ಬಂದಿತೆಂದರೆ ಅಷ್ಟು ವಾಸನೆ ಲೋಟದಿಂದ ಕಳೆದುಹೋಯಿತೆಂದೇ ಲೆಕ್ಕ. ಜೊತೆಗೆ, ಕೊನೆಗೆ ಬರಬೇಕಾದ ಕಹಿಯೂ ಬೇಗ ಇಳಿದುಬಿಡುತ್ತದೆ.

ಇದನ್ನು ಎತ್ತಿ ಹೇಳಿದವರಲ್ಲಿ ಒಬ್ಬನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನೇ. ಫಿರಂಗಿಯ ಕೊಳವೆಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಅಳೆದು, ಉಷ್ಣವು ಒಂದು ವಸ್ತುವಲ್ಲ, ಚಲನೆಯ ರೂಪವೆಂದು 1798ರಲ್ಲಿ ವಾದಿಸಿದ ಕೌಂಟ್ ರಮ್‌ಫರ್ಡನೇ ಆತ. 1812ರಲ್ಲಿ ಆತ ಕಾಫಿಯನ್ನು ಸಿದ್ಧಪಡಿಸುವ ಬಗ್ಗೆಯೇ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಕಾಫಿಯನ್ನು ಕುದಿಸಕೂಡದು; ಪುಡಿಯನ್ನು ತೂತಿನ ತಳವುಳ್ಳ ಪಾತ್ರೆಯಲ್ಲಿ ಸಮನಾಗಿ ಹರಡಿ, ತೂತುಗಳುಳ್ಳ ತಟ್ಟೆಯಿಂದ ಅದುಮಿ, ಮೇಲೆ ಬಿಸಿನೀರನ್ನು ಹೊಯ್ಯಬೇಕು; ಪಾತ್ರೆ ಆರದಂತೆ ಅದರ ಸುತ್ತ ಬಿಸಿನೀರಿನ ಕವಚವಿರಬೇಕು ಎಂಬುದು ಆತನ ಮತ. ಕವಚವೊಂದನ್ನು ಬಿಟ್ಟರೆ ಇದು ನಮ್ಮ ಅಡುಗೆಮನೆಯ ಫಿಲ್ಟರಿನ ವರ್ಣನೆಯೇ ಆಗಿದೆ. ನಡುವೆ ಹಿಡಿಕಡ್ಡಿಯುಳ್ಳ ಆ ತೂತಿನ ತಟ್ಟೆಯನ್ನು ಅನಾವಶ್ಯಕವೆಂದು ಮೂಲೆಗೆ ಎಸೆಯುವವರು ಉಂಟು. ಅದಿಲ್ಲದಿದ್ದರೆ ಹೊಯ್ದ ನೀರಿನ ಧಾರೆ ಪುಡಿಯಲ್ಲಿ ಗುಳಿ ತೋಡುತ್ತದೆ. ನೀರು ಆ ಒಂದೇ ದಾರಿಯಿಂದ ಓಡಿಹೋಗುತ್ತದೆ. ಸುತ್ತಲಿನ ಪುಡಿಯು ನೆನೆದು ಸುಮ್ಮನೆ ಕುಳಿತಿರುತ್ತದೆ.

ಎರಡನೆಯ ದಾರಿ ನೆನೆಹಾಕುವುದು. ಫ್ರೆಂಚ್ ಪ್ರೆಸ್ಸಿನಲ್ಲಿ ಪುಡಿಯ ಮೇಲೆ ಬಿಸಿನೀರನ್ನು ಸುರಿದು, ನಾಲ್ಕೈದು ನಿಮಿಷ ಬಿಟ್ಟು, ಜಾಲರಿಯಿಂದ ಚರಟವನ್ನು ತಳಕ್ಕೆ ಒತ್ತುತ್ತಾರೆ. ಮೂರನೆಯದು, ಪುಡಿಯ ಹಾಸಿನ ಮೂಲಕ ನೀರನ್ನು ಜಿನುಗಿಸುವುದು. ಫಿಲ್ಟರು ಈ ವರ್ಗಕ್ಕೆ ಸೇರಿದೆ. ಇವೆರಡರ ವ್ಯತ್ಯಾಸವನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. 20 ಗ್ರಾಂ ಪುಡಿಗೆ 150 ಘನ ಸೆಂಟಿಮೀಟರ್ ನೀರನ್ನು ಹಾಕಿದೆವೆನ್ನಿ. ಕಾಫಿಯ ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂದರೆ 40 ಘನ ಸೆಂಟಿಮೀಟರ್ ಚರಟದಲ್ಲಿಯೇ ಉಳಿದು, ನಮಗೆ ದಕ್ಕುವುದು 110. ನೆನೆಹಾಕಿದಾಗ ಈ ಉಳಿದ 40ರ ಸಾಂದ್ರತೆಯೂ ದಕ್ಕಿದ 110ರ ಸಾಂದ್ರತೆಯೂ ಒಂದೇ. ಆದುದರಿಂದ ಕರಗಿದ ಸತ್ತ್ವದಲ್ಲಿ ನೂರಕ್ಕೆ 27ರಷ್ಟು ಚರಟದೊಡನೆ ತೊಟ್ಟಿಗೆ ಹೋಗುತ್ತದೆ. ಜಿನುಗಿಸಿದಾಗ ಹಾಗಲ್ಲ. ಮೇಲಿನಿಂದ ಬರುವ ಹೊಸ ನೀರು ಗಟ್ಟಿಯಾದ ದ್ರವವನ್ನು ಕೆಳಕ್ಕೆ ತಳ್ಳುತ್ತ ಬರುತ್ತದೆ. ಕೊನೆಗೆ ಚರಟದಲ್ಲಿ ನಿಲ್ಲುವುದು ತೆಳ್ಳನೆಯ ನೀರು. ಅಷ್ಟೇ ಪುಡಿ, ಅಷ್ಟೇ ನೀರು. ಆದರೂ ಫಿಲ್ಟರಿನಿಂದ ಬರುವ ಡಿಕಾಕ್ಷನ್ ಹೆಚ್ಚು ಗಟ್ಟಿ. ಎರಡನೆಯ ಸಲ ನೀರು ಹೊಯ್ದು ಪಡೆಯುವ ಡಿಕಾಕ್ಷನ್ ಏಕೆ ಸಪ್ಪೆಯೆಂಬುದಕ್ಕೂ ಇದರಲ್ಲಿಯೇ ಉತ್ತರವಿದೆ.

ಗಟ್ಟಿತನ ಏಕೆ ಬೇಕು? ನಾವು ಹಾಲು ಬೆರಸಿ ಕುಡಿಯುವವರು. ಯೂರೋಪಿನವನು ಇಳಿಸಿದ್ದನ್ನೇ ಕುಡಿಯುತ್ತಾನೆ. ಅವನಿಗೆ ತೆಳುವಾದ ದ್ರವ ಸಾಕು. ನಮ್ಮ ಲೋಟದಲ್ಲಿ ಡಿಕಾಕ್ಷನ್ನಿನ ಪಾಲು ಕಾಲು ಭಾಗ, ಉಳಿದದ್ದೆಲ್ಲ ಹಾಲು. ಈ ಪ್ರಮಾಣಕ್ಕೆ ಇನ್ನೊಂದು ಅನುಕೂಲವೂ ಇದೆ. ಆರಿಹೋಗಿ 28 ಡಿಗ್ರಿ ಸೆಂಟಿಗ್ರೇಡಿಗೆ ಇಳಿದ 40 ಘನ ಸೆಂಟಿಮೀಟರ್ ಡಿಕಾಕ್ಷನ್ನಿಗೆ 95 ಡಿಗ್ರಿಯ 110 ಘನ ಸೆಂಟಿಮೀಟರ್ ಹಾಲನ್ನು ಬೆರಸಿದರೆ ಮಿಶ್ರಣದ ಉಷ್ಣತೆ ಸುಮಾರು 77 ಡಿಗ್ರಿ ಆಗುತ್ತದೆಂದು ವಿದ್ಯಾರ್ಥಿಗಳು ಮಿಶ್ರಣದ ನಿಯಮದಿಂದ ಕಂಡುಕೊಳ್ಳಬಹುದು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದರೆ ಕುಡಿಯುವ ಹದ. ಡಿಕಾಕ್ಷನ್ನನ್ನು ಮತ್ತೆ ಕಾಯಿಸಿ ಅದರ ಪರಿಮಳವನ್ನು ಕೆಡಿಸುವ ಅಗತ್ಯವೇ ಬೀಳದು. ಫ್ರೆಂಚ್ ಪ್ರೆಸ್ಸಿನ ತೆಳು ಕಾಫಿಯಲ್ಲಿ ಈ ಅನುಕೂಲವಿಲ್ಲ; ಅದಕ್ಕೆ ಹಾಲು ಬೆರಸಿದರೆ ಕಾಫಿಯೂ ಇಲ್ಲ, ಹಾಲೂ ಇಲ್ಲ ಎಂಬಂತಾಗುತ್ತದೆ.

ಇನ್ನು ಫಿಲ್ಟರಿನ ನಡವಳಿಕೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು. ಸರಂಧ್ರವಾದ ಹಾಸಿನ ಮೂಲಕ ನೀರು ಹರಿಯುವ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಆತನ ಗಮನವಿದ್ದುದು ಊರಿಗೆ ಕುಡಿಯುವ ನೀರನ್ನು ಸೋಸುವ ಮರಳಿನ ಹಾಸುಗಳ ಮೇಲೆ. ನಿಯಮ ಮಾತ್ರ ಕಾಫಿಗೂ ಸಲ್ಲುತ್ತದೆ. ಹರಿವು ಮೇಲಿನ ನೀರಿನ ಎತ್ತರಕ್ಕೆ ಅನುಸಾರವಾಗಿಯೂ, ಹಾಸಿನ ದಪ್ಪಕ್ಕೂ ದ್ರವದ ಸ್ನಿಗ್ಧತೆಗೂ ವಿಲೋಮವಾಗಿಯೂ ಇರುತ್ತದೆ. ಇವೆಲ್ಲಕ್ಕಿಂತ ಮಿಗಿಲಾದದ್ದು ಪುಡಿಯ ನಯ. ಕಣದ ಗಾತ್ರ ಅರ್ಧವಾದರೆ ಹರಿವು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅಂಗಡಿಯವನು ಯಂತ್ರವನ್ನು ಒಂದು ಮೆಟ್ಟಿಲು ತಿರುಗಿಸಿದರೆ ಬೆಳಗಿನ ಕಾಫಿ ಅರ್ಧ ಗಂಟೆ ತಡವಾಗಬಹುದೆಂಬುದು ಇದರಿಂದ ಸ್ಪಷ್ಟ. ನೀರಿನ ಸ್ನಿಗ್ಧತೆ 95 ಡಿಗ್ರಿಯಲ್ಲಿರುವುದಕ್ಕಿಂತ 27 ಡಿಗ್ರಿಯಲ್ಲಿ ಹೆಚ್ಚು ಕಡಮೆ ಮೂರು ಪಟ್ಟು. ಆರುತ್ತ ಹೋದಂತೆ ಫಿಲ್ಟರು ಮಂದವಾಗುವುದು ಇದರಿಂದಲೇ.

ನೀರಿನ ಉಷ್ಣತೆಯ ವಿಷಯದಲ್ಲಿ ಬೆಂಗಳೂರಿನವರು ಭಾಗ್ಯವಂತರು. ಕಾಫಿಗೆ 90ರಿಂದ 96 ಡಿಗ್ರಿಯ ನೀರು ತಕ್ಕದ್ದೆಂದು ತಿಳಿದವರ ಅಭಿಪ್ರಾಯ. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಅಲ್ಲಿ ಕುದಿದ ನೀರನ್ನು ಸ್ವಲ್ಪ ಆರಗೊಡಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಕುದಿಯುವ ಬಿಂದು ಸುಮಾರು 97 ಡಿಗ್ರಿ. ಒಲೆಯಿಂದ ಇಳಿಸಿದೊಡನೆ ಹೊಯ್ದರೂ ಹಾನಿಯಿಲ್ಲ. ವಾಸ್ತವವಾಗಿ ಇಲ್ಲಿ ಎಚ್ಚರ ವಹಿಸಬೇಕಾದದ್ದು ನೀರು ಆರಿಬಿಡುವುದರ ಬಗ್ಗೆ. 100 ಗ್ರಾಂ ತೂಕದ ಸ್ಟೀಲಿನ ಪಾತ್ರೆ ಹೀರುವ ಶಾಖ 12 ಗ್ರಾಂ ನೀರು ಹೀರುವಷ್ಟು. 20 ಗ್ರಾಂ ಪುಡಿಯದು ಸುಮಾರು 8 ಗ್ರಾಂ ನೀರಿನಷ್ಟು. ತಣ್ಣಗಿನ ಪಾತ್ರೆಗೆ 97 ಡಿಗ್ರಿಯ 150 ಗ್ರಾಂ ನೀರನ್ನು ಹೊಯ್ದರೆ ಉಷ್ಣತೆ ಒಮ್ಮೆಗೇ 89ಕ್ಕೆ ಇಳಿಯುತ್ತದೆ. ಪಾತ್ರೆಯನ್ನು ಮೊದಲು ಕುದಿನೀರಿನಲ್ಲಿ ತೊಳೆದು ಬಿಸಿಮಾಡಿದ್ದರೆ ಸುಮಾರು 94ರಲ್ಲಿ ನಿಲ್ಲುತ್ತದೆ. ತೂಕದ ಹಿತ್ತಾಳೆಯ ಫಿಲ್ಟರಿಗೆ ಈ ಉಪಚಾರ ಇನ್ನೂ ಅಗತ್ಯ.

ಫಿಲ್ಟರು ಇಳಿಯದೆ ನಿಂತುಬಿಟ್ಟಾಗ ಮನೆಯ ಹಿರಿಯರು ಅದನ್ನು ಬೆರಳಿನಿಂದ ತಟ್ಟುವುದನ್ನು ಎಲ್ಲರೂ ನೋಡಿರುತ್ತಾರೆ. ಪುಡಿ ನಯವಾಯಿತೆಂದು ಅಂಗಡಿಯವನನ್ನು ಬೈಯುವುದೂ ರೂಢಿ. ಹಲವು ಸಲ ತಪ್ಪು ಪುಡಿಯದಲ್ಲ, ಗಾಳಿಯದು. ಮೇಲಿನ ಪಾತ್ರೆ ಕೆಳಗಿನದರಲ್ಲಿ ಬಿಗಿಯಾಗಿ ಕೂತಿದ್ದರೆ, ಕೆಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಬೀಳುವ ಪ್ರತಿ ಹನಿಯೂ ಆ ಗಾಳಿಯನ್ನು ಒತ್ತಬೇಕು. ಮೇಲಿರುವ 8 ಸೆಂಟಿಮೀಟರ್ ನೀರಿನ ಒತ್ತಡವಾದರೂ ಎಷ್ಟು? ವಾಯುಭಾರದ ನೂರನೆಯ ಒಂದು ಪಾಲಿಗಿಂತ ಕಡಮೆ. ಕೆಳಗಿನ ಪಾತ್ರೆಯಲ್ಲಿ 250 ಘನ ಸೆಂಟಿಮೀಟರ್ ಗಾಳಿಯಿದ್ದರೆ, ಬರಿಯ 2 ಘನ ಸೆಂಟಿಮೀಟರ್ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಗಾಳಿಯ ಒತ್ತಡ ನೀರಿನ ಒತ್ತಡಕ್ಕೆ ಸಮನಾಗಿ ಹರಿವು ನಿಲ್ಲಬೇಕು. ಸಾಲದುದಕ್ಕೆ ಬಿಸಿ ಡಿಕಾಕ್ಷನ್ನಿನಿಂದ ಗಾಳಿ 3 ಡಿಗ್ರಿಯಷ್ಟು ಕಾದರೂ ಒತ್ತಡ ನೂರಕ್ಕೆ ಒಂದರಷ್ಟು ಏರುತ್ತದೆ. ಮೇಲಿನ ಪಾತ್ರೆಯನ್ನು ಒಮ್ಮೆ ತುಸು ಎತ್ತಿ ಕೂರಿಸಿದರೆ ಗಾಳಿ ಹೊರಹೋಗಿ ಹನಿಗಳು ಮತ್ತೆ ಬೀಳತೊಡಗುತ್ತವೆ. ತಟ್ಟುವುದರಿಂದ ಆಗುವುದೂ ಬಹುಮಟ್ಟಿಗೆ ಇದೇ. ಬಾಯ್ಲನ ನಿಯಮಕ್ಕೆ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು. ಪ್ರಯೋಗವನ್ನು ಮಾಡಿ ನೋಡಲು ಇಚ್ಛಿಸುವವರು ಎರಡು ಪಾತ್ರೆಗಳ ಸಂದಿಗೆ ಒದ್ದೆಯಾದ ನಾದಿದ ಹಿಟ್ಟನ್ನು ಮೆತ್ತಿ, ಹನಿಗಳು ಎಷ್ಟು ಹೊತ್ತಿಗೆ ನಿಲ್ಲುತ್ತವೆಂದು ಎಣಿಸಬಹುದು.

ಫಿಲ್ಟರಿನಲ್ಲಿ ಅಡ್ಡಿಯಾದ ಈ ಬಂಧಿತ ಗಾಳಿಯೇ ಮೋಕಾ ಪಾತ್ರೆಯಲ್ಲಿ ಕೆಲಸದ ಆಳು. ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ಹೊರತಂದ ಈ ಸಾಧನದಲ್ಲಿ ನೀರು ಕೆಳಗೆ, ಪುಡಿ ನಡುವೆ, ಕಾಫಿ ಬಂದು ಸೇರುವುದು ಮೇಲೆ. ನೀರು ಕುದಿದು ಆವಿ ತಳ್ಳಿದ ಮೇಲೆಯೇ ಕಾಫಿ ಏರುತ್ತದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಅದು ಸರಿಯಲ್ಲ. ನೀರು 70 ಡಿಗ್ರಿಗೆ ಬರುವಷ್ಟರಲ್ಲಿಯೇ ಮುಚ್ಚಿದ ಗಾಳಿಯ ಹಿಗ್ಗುವಿಕೆಯೂ ನೀರಾವಿಯ ಒತ್ತಡವೂ ಸೇರಿ ಹೊರಗಿನ ವಾಯುಭಾರವನ್ನು ಬಹಳವಾಗಿ ಮೀರಿರುತ್ತವೆ; ನೀರು ಮೇಲೇರತೊಡಗುತ್ತದೆ. ಫಿಲ್ಟರು ಗಂಟೆ ಹಿಡಿಯುವ ಕೆಲಸ ಇದರಲ್ಲಿ ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. ದ್ರವವೂ ಹಾಲು ಬೆರಸಲು ತಕ್ಕಷ್ಟು ಗಟ್ಟಿ. ಕೊನೆಯಲ್ಲಿ ಬುಸುಗುಟ್ಟುವ ಸದ್ದು ಕೇಳುವ ಮುನ್ನವೇ ಒಲೆಯಿಂದ ಇಳಿಸಬೇಕು. ಆಗ ಪುಡಿಯನ್ನು ಹಾದುಬರುವ ಸುಡುಬಿಸಿಯ ನೀರೂ ಆವಿಯೂ ಕಹಿಯನ್ನು ಹೊತ್ತು ತರುತ್ತವೆ. ಫಿಲ್ಟರಿನ ಪುಡಿಯನ್ನೇ ಇದರಲ್ಲಿ ಬಳಸಬಹುದು, ಅದುಮಬಾರದು. ರಾತ್ರಿ ಫಿಲ್ಟರು ಹಾಕಿಡಲು ಮರೆಯುವವರಿಗೆ ಇದು ಒಳ್ಳೆಯ ಆಯ್ಕೆಯೆಂದು ನಾವು ಒಪ್ಪುತ್ತೇವೆ. ವಾಯುಭಾರದ ಒಂಬತ್ತು ಪಟ್ಟು ಒತ್ತಡವನ್ನು ಬಳಸುವ ಎಸ್ಪ್ರೆಸೊ ಯಂತ್ರದ ಬಗ್ಗೆ ಹೇಳಬೇಕಾದದ್ದು ಕಡಮೆ. ಅದು ಕ್ಷಣಗಳಲ್ಲಿ ಕೆಲಸ ಮುಗಿಸುವುದು ನಿಜ; ಗಿರಾಕಿಗಳು ಸಾಲುಗಟ್ಟಿ ನಿಂತ ಅಂಗಡಿಗೆ ಆ ಕ್ಷಣಗಳ ಬೆಲೆ ದೊಡ್ಡದು, ಮನೆಗಲ್ಲ. 1980ರ ದಶಕದಲ್ಲಿ ಜಯನಗರದಿಂದ ಊರೆಲ್ಲ ಹಬ್ಬಿದ ದರ್ಶಿನಿಗಳು ನಿಂತೇ ಕುಡಿಯುವ ನೂರಾರು ಜನಕ್ಕೆ ಕಾಫಿ ಒದಗಿಸುವುದು ದೊಡ್ಡ ಫಿಲ್ಟರುಗಳಲ್ಲಿ ಇಳಿಸಿದ ಡಿಕಾಕ್ಷನ್ನಿನಿಂದಲೇ.

ಕಾಗದದ ಶೋಧಕವನ್ನು ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್ 1908ರಲ್ಲಿ ಬಳಕೆಗೆ ತಂದಳು. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ವಸ್ತುವುಂಟು; ರಕ್ತದ ಕೊಲೆಸ್ಟರಾಲನ್ನು ಏರಿಸುವ ಗುಣ ಅದರದು. ಕಾಗದವು ಅದನ್ನು ಬಹುಪಾಲು ತಡೆದುಬಿಡುತ್ತದೆ. ಕುದಿಸಿ ಸೋಸದ ಕಾಫಿಯಲ್ಲಿಯೂ ಫ್ರೆಂಚ್ ಪ್ರೆಸ್ಸಿನ ಕಾಫಿಯಲ್ಲಿಯೂ ಅದು ಹೇರಳ. ಹಾಲಿಲ್ಲದ ಕಾಫಿಯನ್ನು ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರೂ, ಕೊಲೆಸ್ಟರಾಲಿನ ಬಗ್ಗೆ ವೈದ್ಯರಿಂದ ಎಚ್ಚರಿಕೆ ಪಡೆದವರೂ ಕಾಗದವನ್ನು ಆರಿಸುವುದು ವಿವೇಕ.

ಸಾಧನವನ್ನು ಎಷ್ಟು ಯೋಚಿಸಿ ಆರಿಸಿದರೂ ಪುಡಿ ಮತ್ತು ನೀರು ಸರಿಯಿಲ್ಲದಿದ್ದರೆ ಫಲವಿಲ್ಲ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿಯ ಸಂಶೋಧನೆ ನಡೆದಿದೆ. ಇಷ್ಟು ಹತ್ತಿರ ಬೆಳೆಯುವ ಬೀಜವನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂಡಿಟ್ಟ ಪುಡಿಯ ರೂಪದಲ್ಲಿ ಕೊಳ್ಳಬೇಕಾದ ಗತಿ ನಮಗಿಲ್ಲ. ಕಣ್ಣೆದುರಿಗೆ ಬೀಸಿಕೊಡುವ ಅಂಗಡಿಗಳು ಗಾಂಧಿ ಬಜಾರಿನಲ್ಲಿಯೂ ಜಯನಗರದಲ್ಲಿಯೂ ಇವೆ. ವಾರಕ್ಕೆ ಬೇಕಾದಷ್ಟನ್ನು ಮಾತ್ರ ತರುವುದು ಲೇಸು. ಚಿಕೋರಿಯ ವಿಷಯದಲ್ಲಿ ಗಮನವಿರಲಿ. ಹುರಿದ ಈ ಬೇರಿನಲ್ಲಿ ಕೆಫೀನ್ ಇಲ್ಲ. ಆದರೆ ನೀರಿನಲ್ಲಿ ಕರಗುವ ಅಂಶ ಕಾಫಿಗಿಂತ ಬಹಳ ಹೆಚ್ಚು. ಬಣ್ಣವನ್ನೂ ಗಟ್ಟಿತನವನ್ನೂ ಅದು ಅಗ್ಗವಾಗಿ ಕೊಡುತ್ತದೆ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಮೆಯಿರಬಾರದೆಂದು ಕಾನೂನಿದೆ. ತಣ್ಣೀರಿನ ಮೇಲೆ ಚಿಟಿಕೆ ಪುಡಿಯನ್ನು ಉದುರಿಸಿ ನೋಡಿ: ಎಣ್ಣೆಯ ಅಂಶವುಳ್ಳ ಕಾಫಿ ತೇಲುತ್ತದೆ, ಚಿಕೋರಿ ಕೂಡಲೆ ಕಂದು ಗೆರೆಗಳನ್ನೆಳೆಯುತ್ತ ಮುಳುಗುತ್ತದೆ.

ನೀರಿನ ಸಮಸ್ಯೆ ದಕ್ಷಿಣ ಬೆಂಗಳೂರಿನಲ್ಲಿ ಬೀದಿಯಿಂದ ಬೀದಿಗೆ ಬೇರೆ. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ 1974ರಲ್ಲಿ ಮೊದಲು ಊರಿಗೆ ಬಂದಿತು. ಅದು ಸಾಲದ ಕಡೆ ಕೊಳವೆಬಾವಿಯ ನೀರೂ ಟ್ಯಾಂಕರಿನ ನೀರೂ ಬಳಕೆಯಲ್ಲಿವೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟುಗಳು ಕಾಫಿಯ ಆಮ್ಲಗಳನ್ನು ತಟಸ್ಥಗೊಳಿಸಿ ರುಚಿಯನ್ನು ಮಂಕುಮಾಡುತ್ತವೆ. ಲವಣಗಳನ್ನೆಲ್ಲ ತೆಗೆದುಹಾಕುವ ಶುದ್ಧೀಕರಣ ಯಂತ್ರದ ನೀರೂ ಆದರ್ಶವಲ್ಲ. ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಕಾಫಿಯ ಸತ್ತ್ವ ಚೆನ್ನಾಗಿ ಇಳಿಯುತ್ತದೆ. ಕಾವೇರಿಯ ನೀರು ಸಿಗುವಾಗ ಕಾಫಿಗೆಂದು ಒಂದು ಪಾತ್ರೆಯಲ್ಲಿ ಹಿಡಿದಿಡುವುದು ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಹೆಚ್ಚು ಫಲ ನೀಡುತ್ತದೆ.

ಹಾಗಾದರೆ ನಮ್ಮ ತೀರ್ಪೇನು? ಹಾಲು ಬೆರಸಿ ಕುಡಿಯುವ ಮನೆಗೆ ಫಿಲ್ಟರು. ಬೆಳಗ್ಗೆ ಅವಸರದಲ್ಲಿರುವ ಒಂಟಿ ಕೊಠಡಿಗೆ ಮೋಕಾ. ಹಾಲಿಲ್ಲದೆ ಕುಡಿಯುವವರಿಗೆ ಕಾಗದ. ಪರೀಕ್ಷೆಯ ಕಾಲದ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಅರಾಬಿಕದಲ್ಲಿ ಕೆಫೀನ್ ನೂರಕ್ಕೆ ಸುಮಾರು 1.2, ರೊಬಸ್ಟದಲ್ಲಿ 2.2. ಇವೆರಡು ಸಮವಾಗಿ ಬೆರೆತು, ನೂರಕ್ಕೆ 20 ಚಿಕೋರಿಯುಳ್ಳ 20 ಗ್ರಾಂ ಪುಡಿಯಿಂದ ಮೂರು ಲೋಟ ಮಾಡಿದರೆ ಒಂದೊಂದರಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ಹದಿಹರೆಯದವರು ದಿನಕ್ಕೆ ದೇಹದ ತೂಕದ ಕಿಲೋಗ್ರಾಮಿಗೆ 3 ಮಿಲಿಗ್ರಾಮನ್ನು ಮೀರದಿರುವುದು ಕ್ಷೇಮವೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಸೂಚಿಸಿತು. 50 ಕಿಲೋಗ್ರಾಂ ತೂಗುವ ಹುಡುಗನಿಗೆ ಎರಡು ಲೋಟಕ್ಕೇ ಆ ಮಿತಿ ಮುಟ್ಟಿಬಿಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕಳೆಯಲು ಸುಮಾರು ಐದು ಗಂಟೆ ಬೇಕು. ರಾತ್ರಿ 9ಕ್ಕೆ ಕುಡಿದದ್ದರ ಅರ್ಧ ಬೆಳಗಿನ ಜಾವ 2ಕ್ಕೂ ಮೈಯಲ್ಲಿರುತ್ತದೆ. ಓದು ಮುಗಿಸಿ ಮಲಗಿದವನಿಗೆ ನಿದ್ರೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಅಟ್ಟದಿಂದ ಹಳೆಯ ಸ್ಟೀಲಿನ ಫಿಲ್ಟರನ್ನು ಇಳಿಸಿದವರು ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಮುಚ್ಚಿಹೋದ ರಂಧ್ರಗಳು ಎದ್ದು ಕಾಣುತ್ತವೆ. ಒಣಗಿದ ಕಾಫಿಯ ಎಣ್ಣೆ ಮತ್ತು ನಯವಾದ ಪುಡಿ ಸೇರಿ ಅವುಗಳನ್ನು ಕಟ್ಟಿರುತ್ತವೆ. ಚಮಚೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಚೆನ್ನಾಗಿ ತೊಳೆದರೆ ಬಿಟ್ಟುಕೊಳ್ಳುತ್ತವೆ.